ಹೆಸರಾಗಿ ಉಳಿದ ಊರು

ಲಂಡನ್ನಿಗೆ ವಿಮಾನವೇರುವವರೆಲ್ಲರೂ ಬಲ್ಲ ಹೆಸರು ಹೀತ್ರೋ. ಅದು ಒಂದು ಹಳ್ಳಿಯ ಹೆಸರಾಗಿತ್ತೆಂಬುದನ್ನು ಬಲ್ಲವರು ವಿರಳ. ತರಕಾರಿಯ ಹೊಲ, ಹಣ್ಣಿನ ತೋಟಗಳ ನಡುವಿದ್ದ ಆ ಪುಟ್ಟ ಊರನ್ನು ಯುದ್ಧಕಾಲದಲ್ಲಿ, 1944ರಲ್ಲಿ, ನೆಲಸಮ ಮಾಡಿದರು. ವಾಯುಪಡೆಗೆಂದು ಕಟ್ಟತೊಡಗಿದ ನಿಲ್ದಾಣವು 1946ರಲ್ಲಿ ಸಾರ್ವಜನಿಕರದಾಯಿತು. ಊರು ಅಳಿಯಿತು, ಹೆಸರು ಲೋಕವಿಖ್ಯಾತವಾಯಿತು.

ಅಫಜಲಪುರ ತಾಲ್ಲೂಕಿನ ಹವಳಗಾದಲ್ಲಿ ಕಬ್ಬು ಬೆಳೆಯುವ ಹಿರಿಯರೊಬ್ಬರಿಗೆ ಈ ಸಂಗತಿಯನ್ನು ತಿಳಿಸಿದವನು ಲಂಡನ್ನಿಗೆ ಓದಲು ಹೊರಟಿದ್ದ ಅವರ ಮಗ. ಹಿರಿಯರು ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ, "ಆ ಮಂದಿ ಎಲ್ಲಿಗಿ ಹೋದ್ರೋ ತಮ್ಮಾ?" ಎಂದರು. ಮಗನಲ್ಲಿ ಉತ್ತರವಿರಲಿಲ್ಲ.

ಹೊಲದ ನೆಲ ವಿಮಾನದ ಪಾಲಾಗುವುದು ಅವರ ಸೀಮೆಗೆ ಹೊಸದೇನಲ್ಲ. ಕಲಬುರಗಿಯ ವಿಮಾನ ನಿಲ್ದಾಣವು 2019ರ ನವೆಂಬರ್ 22ರಂದು ತೆರೆದುದು ಶ್ರೀನಿವಾಸ ಸರಡಗಿಯ ಬಳಿಯಲ್ಲಿ. ಅದರ ಓಡುದಾರಿಯ ಉದ್ದ ಮೂರು ಕಿಲೋಮೀಟರಿಗೂ ಮಿಗಿಲು. ಆದರೆ ಅಲ್ಲಿ ಊರು ಉಳಿದಿದೆ. ಹೀತ್ರೋದಲ್ಲಿ ಉಳಿಯಲಿಲ್ಲ.

ಮಗನನ್ನು ಬೀಳ್ಕೊಡಲು ಅವರು ದೇವನಹಳ್ಳಿಯ ನಿಲ್ದಾಣದವರೆಗೆ ಬಂದರು. ಟಿಕೆಟ್ಟಿಲ್ಲದವರಿಗೆ ಒಳಗೆ ಪ್ರವೇಶವೆಲ್ಲಿ? ಬಾಗಿಲಲ್ಲಿಯೇ ನಿಂತ ಅವರ ಮನಸ್ಸಿನಲ್ಲಿ ಆ ಹಳ್ಳಿಯೇ ಸುಳಿಯುತ್ತಿತ್ತು. ಊರನ್ನು ಅಳಿಸಲು ಯಂತ್ರವೇ ಬರಬೇಕೆಂದಿಲ್ಲ. ಹೋದ ಮಕ್ಕಳು ಮರಳದಿದ್ದರೂ ಸಾಕು, ಹವಳಗಾ ಸಹ ಕಾಗದಪತ್ರದಲ್ಲಿ ಬರೆಯುವ ಜನ್ಮಸ್ಥಳದ ಹೆಸರಷ್ಟೇ ಆದೀತು.

ಇದನ್ನೆಲ್ಲ ಅವರು ಬಾಯಿಬಿಟ್ಟು ಹೇಳಲಿಲ್ಲ. ಕಾಲಿಗೆರಗಿದ ಮಗನ ತಲೆಯ ಮೇಲೆ ಕೈಯಿಟ್ಟು ಇಷ್ಟೇ ಎಂದರು: "ಎಳ್ಳಮಾಸಿಗಿ ಹೊಲಕ್ಕ ಬಾ, ತಮ್ಮಾ."