ಬಾಗಿಲು ತೆರೆದಿದೆ, ಬೀಗ ನಮ್ಮ ಮನೆಯಲ್ಲಿದೆ

ಇತ್ತೀಚೆಗೆ ಇಂಡಿಯಲ್ಲಿ ಒಂದು ಮದುವೆಗೆ ಹೋಗಿದ್ದೆ. ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಿಂದಲೂ ಬಂಧುಗಳು ಬಂದಿದ್ದರು. ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದಲ್ಲಿ ಓದುವ ನನ್ನ ತಂಗಿಯ ಮಗಳು, "ಖಾಲಾ, ನಾನು ವಿದೇಶಾಂಗ ಸೇವೆಯ ಪರೀಕ್ಷೆ ಬರೆಯುತ್ತೇನೆ" ಎಂದಳು. "ಮೊದಲು ನಿನ್ನ ನಿಕಾಹ್ ಆಗಲಿ" ಎಂದು ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಸಹೋದರಿಯರೇ, ಸಿ.ಬಿ. ಮುತ್ತಮ್ಮನವರ ಹೆಸರು ಕೇಳಿದ್ದೀರಾ? ಕೊಡಗಿನ ವಿರಾಜಪೇಟೆಯವರು. ಒಂಬತ್ತನೇ ವಯಸ್ಸಿನಲ್ಲಿ ತಂದೆಯನ್ನು ಕಳೆದುಕೊಂಡ ಅವರನ್ನು ತಾಯಿಯೇ ಬೆಳೆಸಿ ಓದಿಸಿದರು. 1949ರಲ್ಲಿ ಅವರು ಭಾರತೀಯ ವಿದೇಶಾಂಗ ಸೇವೆ ಸೇರಿದ ಮೊದಲ ಮಹಿಳೆಯಾದರು. ಮದುವೆಯಾದರೆ ರಾಜೀನಾಮೆ ಕೊಡುವುದಾಗಿ ಆಗ ಮಹಿಳೆಯರು ಬರೆದುಕೊಡಬೇಕಿತ್ತು. ಬಡ್ತಿ ತಪ್ಪಿದಾಗ ಮುತ್ತಮ್ಮ ಸುಪ್ರೀಂ ಕೋರ್ಟಿಗೆ ಹೋದರು. 1979ರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಇಂಥ ನಿಯಮಗಳನ್ನು ಕಟುವಾಗಿ ಟೀಕಿಸಿದರು. ಮುಂದೆ ಮುತ್ತಮ್ಮ ಹೇಗ್ ನಗರದಲ್ಲಿ ರಾಯಭಾರಿಯಾದರು. ಸ್ವೀಡನ್ನಿನ ಓಲೋಫ್ ಪಾಮೆ ನೇತೃತ್ವದ ಅಂತಾರಾಷ್ಟ್ರೀಯ ನಿಶ್ಶಸ್ತ್ರೀಕರಣ ಆಯೋಗದ ಸದಸ್ಯೆಯೂ ಆದರು.

ಅಂದಿನ ಚಿಂತೆ ಅಣುಬಾಂಬು. ಇಂದು ಅದರ ಜೊತೆಗೆ ಕೃತಕ ಬುದ್ಧಿಮತ್ತೆ ಸೇರಿದೆ. ಯಾರ ಮೇಲೆ ದಾಳಿ ಮಾಡಬೇಕೆಂದು ಯಂತ್ರವೇ ಸೂಚಿಸುವ ಕಾಲವಿದು. ಯಂತ್ರ ತಪ್ಪಿದರೆ ಹೊಣೆ ಯಾರದು? 2023ರ ಫೆಬ್ರವರಿಯಲ್ಲಿ ಅದೇ ಹೇಗ್‌ನಲ್ಲಿ ಹಲವು ದೇಶಗಳು ಈ ಬಗ್ಗೆ ಚರ್ಚಿಸಿದವು. ಜಿನೀವಾದಲ್ಲಿರುವ ವಿಶ್ವಸಂಸ್ಥೆಯ ನಿಶ್ಶಸ್ತ್ರೀಕರಣ ಸಂಶೋಧನಾ ಸಂಸ್ಥೆ ಮಹಿಳಾ ರಾಜತಾಂತ್ರಿಕರಿಗೆಂದೇ ಈ ವಿಷಯದಲ್ಲಿ ತರಬೇತಿ ನಡೆಸಿದೆ.

ಮಹಿಳೆಯರಿಗೇ ಏಕೆ? 2018ರಲ್ಲಿ ಅಮೆರಿಕದ ಸಂಶೋಧಕಿ ಜಾಯ್ ಬುವೊಲಮ್ವಿನಿ ಮತ್ತು ಟಿಮ್ನಿಟ್ ಗೆಬ್ರು, ಮುಖ ನೋಡಿ ಹೆಣ್ಣೋ ಗಂಡೋ ಎಂದು ಹೇಳುವ ಯಂತ್ರಗಳನ್ನು ಪರೀಕ್ಷಿಸಿದರು. ಬಿಳಿಯ ಗಂಡಸರ ವಿಷಯದಲ್ಲಿ ತಪ್ಪು ನೂರಕ್ಕೆ ಒಂದೂ ಇರಲಿಲ್ಲ. ಕಪ್ಪು ಮೈಬಣ್ಣದ ಮಹಿಳೆಯರಲ್ಲಿ ಅದು ನೂರಕ್ಕೆ 34ರವರೆಗೂ ಇತ್ತು! ತಪ್ಪನ್ನು ಹುಡುಕಿದವರು ಮಹಿಳೆಯರೇ. ನಮ್ಮನ್ನೇ ಸರಿಯಾಗಿ ಗುರುತಿಸದ ಯಂತ್ರದ ಕೈಗೆ ಆಯುಧ ಕೊಡುವ ಮಾತು ನಡೆಯುವಾಗ ಅಲ್ಲಿ ನಾವು ಇರಬೇಡವೇ?

ಈ ದಾರಿ ನಮ್ಮಿಂದ ದೂರವೇನಿಲ್ಲ. ಯಾವುದೇ ಪದವಿ ಪಡೆದವರು ಪರೀಕ್ಷೆ ಬರೆಯಬಹುದು. ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲೇ ಬರೆಯಬಹುದು. ಮದುವೆಯ ಷರತ್ತು ಸರಕಾರದ ಪುಸ್ತಕದಲ್ಲಿ ಈಗಿಲ್ಲ. ನಮ್ಮ ಮನೆಗಳಲ್ಲಿ ಮಾತ್ರ ಉಳಿದಿದೆ.

ಮರುದಿನ ತಂಗಿಗೆ ಫೋನ್ ಮಾಡಿ, "ಹುಡುಗಿಗೆ ಓದಲು ಸಮಯ ಕೊಡು" ಎಂದೆ. ಅವಳು ಸುಮ್ಮನಿದ್ದಳು, ಆದರೆ ಬೇಡವೆನ್ನಲಿಲ್ಲ. ನಿಮ್ಮ ಮಗಳೂ ಒಂದು ದಿನ ಇಂಥ ಮಾತು ಹೇಳಬಹುದು. ದಯವಿಟ್ಟು ನನ್ನಂತೆ ನಗಬೇಡಿ.