ಇನ್ನೂ ಹತ್ತು ಕುರಿ ಬಾಕಿ

ವೇಲ್ಸ್‌ನ ಗುಡ್ಡಗಾಡು, ಸೆಪ್ಟೆಂಬರ್ ತಿಂಗಳ ಬೆಳಗು. ಹುಲ್ಲಿನ ಮೇಲಿನ ಇಬ್ಬನಿ ಇನ್ನೂ ಆರಿಲ್ಲ. ನೀವು ಹಗ್ಗದ ಈಚೆ ನಿಂತಿದ್ದೀರಿ. ಆಚೆ ಗೂಟದ ಪಕ್ಕದಲ್ಲಿ ಕುರಿಗಾಹಿ, ಅವನ ಕಾಲಬಳಿ ಕಪ್ಪು ಬಿಳುಪಿನ ಬಾರ್ಡರ್ ಕೋಲಿ. 1873ರಲ್ಲಿ ಇದೇ ವೇಲ್ಸ್‌ನ ಬಾಲಾ ಊರಿನಲ್ಲಿ ಶುರುವಾದ ಬ್ರಿಟನ್ನಿನ ಕುರಿನಾಯಿ ಪಂದ್ಯಗಳ ಪರಂಪರೆಯಲ್ಲಿ ಇಂದಿನದು ಎಲ್ಲಕ್ಕಿಂತ ಕಠಿಣ ಸುತ್ತು. ಕೈಯಲ್ಲಿರುವುದು 30 ನಿಮಿಷ.

ಒಂದು ಸಿಳ್ಳೆ. ನಾಯಿ ಬಲಕ್ಕೆ ಚಿಮ್ಮುತ್ತದೆ. ಸುಮಾರು 700 ಮೀಟರ್ ದೂರದಲ್ಲಿ ಹತ್ತು ಕುರಿಗಳಿವೆ. ನಿಮ್ಮ ಕಣ್ಣಿಗೆ ಬರೀ ಬಿಳಿ ಚುಕ್ಕೆಗಳು. ನೇರ ಓಡಿದರೆ ಅವು ದಿಕ್ಕಾಪಾಲಾಗುತ್ತವೆ. ಅದಕ್ಕೇ ನಾಯಿ ಬೇಲಿಯಂಚಿನಲ್ಲಿ ಬಳಸಿಕೊಂಡು ಹೋಗಿ, ಹಿಂಡಿನ ಬೆನ್ನಿಗೆ ಬಂದು, ತಟ್ಟನೆ ನಿಧಾನವಾಗುತ್ತದೆ. ತಲೆ ತಗ್ಗಿಸಿ, ಹೊಟ್ಟೆ ಹುಲ್ಲಿಗೆ ತಾಗುವಷ್ಟು ಬಗ್ಗಿ, ದಿಟ್ಟಿಸುತ್ತಾ ಹೆಜ್ಜೆಯಿಡುತ್ತದೆ. ಬೇಟೆಯಾಡುವ ತೋಳದ ನಡಿಗೆಯೇ ಅದು. ಕೊಲ್ಲುವ ಕೊನೆಯ ಹೆಜ್ಜೆಯನ್ನು ಮಾತ್ರ ತಲೆಮಾರುಗಳ ಆಯ್ಕೆ ಅಳಿಸಿಹಾಕಿದೆ. 1893ರಲ್ಲಿ ನಾರ್ಥಂಬರ್‌ಲ್ಯಾಂಡಿನಲ್ಲಿ ಹುಟ್ಟಿದ, ಆಡಂ ಟೆಲ್ಫರ್ ಸಾಕಿದ ಓಲ್ಡ್ ಹೆಂಪ್ ಎಂಬ ನಾಯಿಯೂ ಹೀಗೇ, ಸದ್ದಿಲ್ಲದೆ, ನೋಟದ ಬಲದಿಂದಲೇ ಕುರಿ ನಡೆಸುತ್ತಿತ್ತು. ಇಂದಿನ ಬಾರ್ಡರ್ ಕೋಲಿಗಳ ವಂಶದ ಬೇರು ಬಹುಪಾಲು ಅದರಲ್ಲೇ ಇದೆ.

ಅಷ್ಟು ದೂರದ ನಾಯಿಯ ಕಿವಿಗೆ ಸಿಳ್ಳೆ ತಲುಪಲು ಎರಡು ಸೆಕೆಂಡು ಬೇಕು. ಅಷ್ಟರಲ್ಲಿ ಒಂದು ಕುರಿ ಪಕ್ಕಕ್ಕೆ ಜಾರಬಹುದು. ಜಾರುತ್ತದೆ ಕೂಡ! ಕುರಿಗಾಹಿ ತುಟಿಗೆ ಸಿಳ್ಳೆಯೊಯ್ಯುವ ಮೊದಲೇ ನಾಯಿ ಆ ಕಡೆ ವಾಲಿದೆ. ಕುರಿ ಮರಳಿ ಹಿಂಡು ಸೇರಿದೆ. ಹೇಳಿದ್ದನ್ನು ಕೇಳುವುದಷ್ಟೇ ಜಾಣತನವಲ್ಲ ಎಂದು ನಾನು ನಂಬುವುದು ಇಂಥದ್ದನ್ನು ಕಂಡೇ.

ಹಿಂಡು ಮೈದಾನದ ನಡುವಿಗೆ ಬಂತು. ಈಗ ಉಸಿರು ಬಿಗಿಹಿಡಿಯಿರಿ.

ಬೇರೆಯೇ ಸಿಳ್ಳೆ: ಬಿಡು, ಹಿಂದಕ್ಕೆ ಹೋಗು. ನಾಯಿ ನಿಲ್ಲುತ್ತದೆ. ಕಷ್ಟಪಟ್ಟು ತಂದ ಹತ್ತು ಕುರಿಗಳು ಕಣ್ಣೆದುರಿಗಿವೆ. ಹಿಂದೆ ಅದಕ್ಕೆ ಕಾಣುತ್ತಿರುವುದು ಖಾಲಿ ಇಳಿಜಾರು ಮಾತ್ರ. ಹಿಡಿದದ್ದನ್ನು ಬಿಡಬಾರದೆಂಬುದು ಅದರ ರಕ್ತದಲ್ಲೇ ಇದೆ. ಒಮ್ಮೆ ಕುರಿಗಳತ್ತ, ಒಮ್ಮೆ ಯಜಮಾನನತ್ತ ನೋಡುತ್ತದೆ. ಸಿಳ್ಳೆ ಮತ್ತೊಮ್ಮೆ. ನಾಯಿ ಬೆನ್ನು ತಿರುಗಿಸಿ ಎಡದ ಗುಡ್ಡದತ್ತ ಓಡುತ್ತದೆ. ಇಡೀ ಪಂದ್ಯದಲ್ಲಿ ಇದಕ್ಕಿಂತ ದೊಡ್ಡ ಗಳಿಗೆ ನನ್ನ ಪಾಲಿಗೆ ಇನ್ನೊಂದಿಲ್ಲ. ಕಾಣದ ಕುರಿಗಳನ್ನು ಹುಡುಕುತ್ತಾ ಅದು ಏರುತ್ತದೆ, ನಡುವೆ ತಡೆದು ತಲೆಯೆತ್ತುತ್ತದೆ, ಇನ್ನಷ್ಟು ಅಗಲಕ್ಕೆ ಸರಿಯುತ್ತದೆ. ದಿಬ್ಬದಾಚೆ ಮರೆಯಾಗುತ್ತದೆ. ಸ್ವಲ್ಪ ಹೊತ್ತಿಗೆ ಅಲ್ಲಿಂದ ಹತ್ತು ತಲೆಗಳು ಮೇಲೇಳುತ್ತವೆ.

ಎರಡು ಹಿಂಡು ಒಂದಾದ ಮೇಲೆ ನಿಗದಿತ ಹಾದಿಯಲ್ಲಿ ನಡೆಸಿದ್ದಾಯಿತು. ಆಮೇಲೆ ಬೇರ್ಪಡಿಸುವ ಕೆಲಸ: 20ರಲ್ಲಿ ಕೊರಳಪಟ್ಟಿಯ ಐದು ಮಾತ್ರ ಉಳಿಯಬೇಕು. ಕುರಿಗಳ ನಡುವೆ ಒಂದು ಸಂದು ಬಿಟ್ಟರೆ ಸಾಕು, ನಾಯಿ ಒಳನುಗ್ಗಿ ಗುಂಪು ಸೀಳುತ್ತದೆ.

ಕೊನೆಗೆ ದೊಡ್ಡಿ. ಐದರಲ್ಲೊಂದು ಮುದಿ ಹೆಣ್ಣುಕುರಿ ಬಾಗಿಲಲ್ಲೇ ತಿರುಗಿ ನಿಂತು ಮುಂಗಾಲು ಅಪ್ಪಳಿಸುತ್ತದೆ. ಬಾಯಿ ಹಾಕಿದರೆ ನಾಯಿ ಪಂದ್ಯದಿಂದ ಹೊರಗೆ. ಅದು ಬಾಯಿ ಹಾಕುವುದಿಲ್ಲ, ಹಿಂಜರಿಯುವುದೂ ಇಲ್ಲ. ಒಂದು ಕಾಲು ಮುಂದಿಡುತ್ತದೆ. ಕುರಿ ಮತ್ತೆ ಅಪ್ಪಳಿಸುತ್ತದೆ. ಇನ್ನೊಂದು ಕಾಲು. ಮುದುಕಿಯ ಕಿವಿ ಸಡಿಲವಾಯಿತು, ತಿರುಗಿತು, ಒಳಹೋಯಿತು, ಉಳಿದವು ಹಿಂಬಾಲಿಸಿದವು. ಕುರಿಗಾಹಿ ಗೇಟನ್ನು ಧಡಾರನೆ ಮುಚ್ಚುತ್ತಾನೆ, ಜನ ಕೂಗುತ್ತಾರೆ, ನಾಯಿ ಅತ್ತ ತಿರುಗಿಯೂ ನೋಡದೆ ನೀರಿನ ತೊಟ್ಟಿಗೆ ಧುಮುಕುತ್ತದೆ.