ಮಾಂಟ್‌ಗೊಮರಿಯಲ್ಲಿ ಮನೆ ಮಾಡಿ ನೋಡು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ಕನ್ನಡನಾಡಿನ ಹಿರಿಯರಿಗೆ ಮೂರನೆಯದೊಂದು ಕಷ್ಟ ಗೊತ್ತಿರಲಿಲ್ಲ. ಮಕ್ಕಳ ಶಾಲೆಯನ್ನು ಮುಂದಿಟ್ಟುಕೊಂಡು ಊರನ್ನು ಆರಿಸುವ ಕಷ್ಟ ಅದು. ಅದರ ಪೂರ್ಣ ಸ್ವರೂಪವನ್ನು ಕಾಣಬೇಕಾದರೆ ಅಮೆರಿಕ ಸಂಯುಕ್ತ ಸಂಸ್ಥಾನದ ರಾಜಧಾನಿಯಾದ ವಾಷಿಂಗ್ಟನ್ನಿನ ಉತ್ತರದ ಅಂಚಿಗೆ ಹೋಗಬೇಕು. ನಗರದ ಎಲ್ಲೆ ದಾಟಿದೊಡನೆಯೇ ಮೇರಿಲ್ಯಾಂಡ್ ಸಂಸ್ಥಾನದ ಮಾಂಟ್‌ಗೊಮರಿ ಕೌಂಟಿ ಆರಂಭವಾಗುತ್ತದೆ.

ಕೌಂಟಿಯೆಂದರೆ ಸ್ಥೂಲವಾಗಿ ಜಿಲ್ಲೆ. 1776ರಲ್ಲಿ ರಚಿತವಾದ ಈ ಜಿಲ್ಲೆಗೆ, ಹಿಂದಿನ ವರ್ಷದ ಕೊನೆಯ ದಿನ ಕ್ವಿಬೆಕ್ ನಗರದ ಮೇಲಿನ ದಾಳಿಯಲ್ಲಿ ಮಡಿದ ಸೇನಾನಿ ರಿಚರ್ಡ್ ಮಾಂಟ್‌ಗೊಮರಿಯ ಹೆಸರನ್ನಿಟ್ಟರು. ವಿಸ್ತೀರ್ಣ ಸುಮಾರು 500 ಚದರ ಮೈಲಿ. 2020ರ ಜನಗಣತಿಯಂತೆ ಜನಸಂಖ್ಯೆ 10,62,061. ಪಶ್ಚಿಮದ ಮೇರೆಯಾಗಿ ಪೊಟೋಮ್ಯಾಕ್ ನದಿ ಹರಿಯುತ್ತದೆ. 1980ರಲ್ಲಿ ಬೇಸಾಯಕ್ಕೆಂದೇ ಮೀಸಲಿಟ್ಟ 93,000 ಎಕರೆ ಭೂಮಿ ಇಲ್ಲಿದೆ. ರಾಜಧಾನಿಯ ಗದ್ದಲದಿಂದ ಒಂದು ಗಂಟೆ ಮೋಟಾರಿನಲ್ಲಿ ಹೋದರೆ ಜೋಳದ ಹೊಲವೂ ಕುದುರೆಯ ಲಾಯವೂ ಕಾಣುತ್ತವೆ. ಜಿಲ್ಲೆಯ ಮುಖ್ಯ ಪಟ್ಟಣ ರಾಕ್‌ವಿಲ್. ಸಾಹಿತಿ ಸ್ಕಾಟ್ ಫಿಟ್ಸ್‌ಜೆರಾಲ್ಡನ ಸಮಾಧಿ ಅಲ್ಲಿಯ ಸೇಂಟ್ ಮೇರಿ ಚರ್ಚಿನ ಅಂಗಳದಲ್ಲಿದೆ.

ಆದರೆ ಇಲ್ಲಿಗೆ ಬರುವ ಸಂಸಾರಗಳು ಸಮಾಧಿಯನ್ನಾಗಲಿ ಹೊಲವನ್ನಾಗಲಿ ನೋಡಲು ಬರುವುದಿಲ್ಲ. ಅವರು ಬರುವುದು ಶಾಲೆಗಾಗಿ. ವಾಷಿಂಗ್ಟನ್ ಪ್ರದೇಶದ ಕನ್ನಡಿಗರ ಸಂಘವಾದ ‘ಕಾವೇರಿ’ಯ ಹಬ್ಬದೂಟದ ಪಂಕ್ತಿಯಲ್ಲಿ ಹೊಸದಾಗಿ ಬಂದ ದಂಪತಿಗಳು “ಎಲ್ಲಿ ಮನೆ ಮಾಡೋಣ ಸಾರ್?” ಎಂದು ವಿಚಾರಿಸಿದರೆ, ಹಳಬರು ಬಾಡಿಗೆಯ ಮಾತು ಎತ್ತುವ ಮೊದಲು “ಶಾಲೆ ಯಾವುದು ಬರುತ್ತೆ, ಅದನ್ನು ನೋಡಿಕೊಳ್ಳಿ” ಎನ್ನುತ್ತಾರೆ. ಬೆಂಗಳೂರಿನಲ್ಲಿ ಕಾವೇರಿ ನೀರು ಬರುತ್ತದೆಯೇ ಎಂದು ಕೇಳಿದಷ್ಟೇ ಸಹಜವಾದ ಪ್ರಶ್ನೆ ಅದು.

ಬಾಗಿಲಿನ ಸಂಖ್ಯೆಯೇ ಪ್ರವೇಶಪತ್ರ

ಇದಕ್ಕೆ ಕಾರಣವುಂಟು. ಆ ದೇಶದಲ್ಲಿ ಸಾರ್ವಜನಿಕ ಶಾಲೆಗೆ ಶುಲ್ಕವಿಲ್ಲ. ಆದರೆ ಮಗು ಯಾವ ಶಾಲೆಗೆ ಹೋಗಬೇಕೆಂಬುದನ್ನು ಸಾಮಾನ್ಯವಾಗಿ ಮನೆಯ ವಿಳಾಸವೇ ನಿರ್ಧರಿಸುತ್ತದೆ. ಶಿಕ್ಷಣ ಇಲಾಖೆಯ ಜಾಲತಾಣದಲ್ಲಿ ಬೀದಿಯ ಹೆಸರನ್ನೂ ಮನೆಯ ಸಂಖ್ಯೆಯನ್ನೂ ಬರೆದರೆ ಪ್ರಾಥಮಿಕ, ಮಾಧ್ಯಮಿಕ ಮತ್ತು ಪ್ರೌಢ ಎಂಬ ಮೂರು ಶಾಲೆಗಳ ಹೆಸರು ಬರುತ್ತವೆ. ಆ ವಿಳಾಸದಲ್ಲಿ ವಾಸವಾಗಿರುವುದಕ್ಕೆ ದಾಖಲೆಯನ್ನು ತೋರಿಸಿ ಮಗುವನ್ನು ಸೇರಿಸಬೇಕು. ಬೀದಿಯ ಈ ಬದಿಯ ಮಗು ಒಂದು ಶಾಲೆಗೆ, ಆ ಬದಿಯ ಮಗು ಮತ್ತೊಂದಕ್ಕೆ ಹೋಗುವುದುಂಟು.

ಮೇರಿಲ್ಯಾಂಡಿನಲ್ಲಿ ಒಂದು ವಿಶೇಷವಿದೆ. ಕೆಲವು ಸಂಸ್ಥಾನಗಳಲ್ಲಿ ಊರೂರಿಗೆ ಬೇರೆ ಬೇರೆ ಶಾಲಾಡಳಿತ. ಮೇರಿಲ್ಯಾಂಡಿನಲ್ಲಾದರೋ 23 ಕೌಂಟಿಗಳಿಗೂ ಬಾಲ್ಟಿಮೋರ್ ನಗರಕ್ಕೂ ತಲಾ ಒಂದರಂತೆ 24 ಆಡಳಿತಗಳು ಮಾತ್ರ. ಮಾಂಟ್‌ಗೊಮರಿಯ ಒಂದೇ ಆಡಳಿತದ ಕೆಳಗೆ 200ಕ್ಕೂ ಮಿಕ್ಕಿದ ಶಾಲೆಗಳು, ಒಂದೂವರೆ ಲಕ್ಷಕ್ಕೂ ಹೆಚ್ಚು ಮಕ್ಕಳು. ಶ್ರೀಮಂತರ ಬಡಾವಣೆಯ ಉಪಾಧ್ಯಾಯರಿಗೂ ಬಡವರ ಬಡಾವಣೆಯ ಉಪಾಧ್ಯಾಯರಿಗೂ ಒಂದೇ ಸಂಬಳದ ಶ್ರೇಣಿ. ಹಾಗಿದ್ದ ಮೇಲೆ ಶಾಲೆಗಳೆಲ್ಲ ಒಂದೇ ಅಲ್ಲವೇ ಎಂದು ಯಾರಿಗಾದರೂ ಅನ್ನಿಸಬಹುದು. ಅಂಕಿ ಅಂಶಗಳು ಅಲ್ಲವೆನ್ನುತ್ತವೆ. ಅವು ಏಕೆ ಹಾಗೆನ್ನುತ್ತವೆ ಎಂಬುದೇ ತಿಳಿಯಬೇಕಾದ ಸಂಗತಿ.

ಲಾಳದ ಎರಡು ತೋಳುಗಳು

ವಾಷಿಂಗ್ಟನ್ನಿನ ಮೆಟ್ರೋ ರೈಲಿನ ಕೆಂಪು ಮಾರ್ಗ ಕುದುರೆಯ ಲಾಳದ ಆಕಾರದಲ್ಲಿದೆ. ಅದರ ಎರಡು ತೋಳುಗಳೂ ಮಾಂಟ್‌ಗೊಮರಿಯೊಳಕ್ಕೆ ಚಾಚಿವೆ. ಪಶ್ಚಿಮದ ತೋಳಿನಲ್ಲಿ ಹೊರಟ ರೈಲು ನೆಲದಡಿಯಲ್ಲೇ ಬೆಥೆಸ್ಡಾ ತಲುಪುತ್ತದೆ. ಮುಂದಿನ ನಿಲ್ದಾಣದ ಎದುರಿಗೇ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ ವಿಶಾಲ ಆವರಣ. ಅದನ್ನು ದಾಟಿದ ಮೇಲೆ ರೈಲು ಬೆಳಕಿಗೆ ಬಂದು, ಮರಗಳ ನಡುವೆ ರಾಕ್‌ವಿಲ್ಲನ್ನು ಹಾಯ್ದು ಶೇಡಿ ಗ್ರೋವಿನಲ್ಲಿ ನಿಲ್ಲುತ್ತದೆ. ಈ ಕಡೆ ವಿಜ್ಞಾನಿಗಳು, ವಕೀಲರು, ಉನ್ನತಾಧಿಕಾರಿಗಳು ವಾಸಿಸುತ್ತಾರೆ. ಹುಲ್ಲುಹಾಸಿನ ಹಿಂದೆ ದೊಡ್ಡ ಮನೆಗಳಿವೆ.

ಪೂರ್ವದ ತೋಳು ಸಿಲ್ವರ್ ಸ್ಪ್ರಿಂಗ್, ವೀಟನ್‌ಗಳ ಮೂಲಕ ಗ್ಲೆನ್‌ಮಾಂಟಿಗೆ ಹೋಗುತ್ತದೆ. ವೀಟನ್ ನಿಲ್ದಾಣದ ಚಲಿಸುವ ಮೆಟ್ಟಿಲು 230 ಅಡಿ ಉದ್ದವಾದದ್ದು. ಪಶ್ಚಿಮ ಗೋಳಾರ್ಧದಲ್ಲಿ ಅಷ್ಟು ಉದ್ದದ್ದು ಬೇರೊಂದಿಲ್ಲವೆಂಬ ಖ್ಯಾತಿ ಅದಕ್ಕೆ. ಮೇಲೆ ಬಂದವರಿಗೆ ಎಲ್ ಸಾಲ್ವಡಾರಿನವರ ಉಪಾಹಾರ ಗೃಹ, ಇಥಿಯೋಪಿಯದವರ ಕಾಫಿ ಅಂಗಡಿ ಎದುರಾಗುತ್ತವೆ. ಇಲ್ಲಿ ಚಿಕ್ಕ ಮನೆಗಳೂ ಬಾಡಿಗೆಯ ಮಹಡಿಗಳೂ ಹೆಚ್ಚು.

ಶಾಲೆಯ ಅಂಕಿ ಅಂಶಗಳನ್ನು ನಕ್ಷೆಯ ಮೇಲೆ ಹರಡಿದರೆ ಈ ಎರಡು ತೋಳುಗಳೇ ಮತ್ತೆ ಮೂಡುತ್ತವೆ. ಪಶ್ಚಿಮದಲ್ಲಿ ಪರೀಕ್ಷಾಂಕಗಳು ಎತ್ತರ. ಪೂರ್ವದಲ್ಲಿ ಉಚಿತ ಅಥವಾ ರಿಯಾಯಿತಿ ದರದ ಊಟ ಪಡೆಯುವ ಮಕ್ಕಳ ಪ್ರಮಾಣ ಎತ್ತರ. ಇದಕ್ಕೆ ಹಳೆಯ ಬೇರುಗಳಿವೆ. ಹಿಂದೆ ವಾಷಿಂಗ್ಟನ್ನಿನ ಸುತ್ತಲಿನ ಅನೇಕ ಬಡಾವಣೆಗಳ ಕ್ರಯಪತ್ರದಲ್ಲಿಯೇ ಕರಿಯರಿಗೆ ಮನೆ ಮಾರಕೂಡದೆಂಬ ಕರಾರಿರುತ್ತಿತ್ತು. ಅಂಥ ಕರಾರನ್ನು ನ್ಯಾಯಾಲಯಗಳು ಜಾರಿಗೊಳಿಸಲಾಗದೆಂದು ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತದ್ದು 1948ರಲ್ಲಿ. ಶಾಲೆಗಳೂ ಬೇರೆ ಬೇರೆಯಾಗಿದ್ದವು. ಕರಿಯ ಮಕ್ಕಳಿಗೆಂದು 1951ರಲ್ಲಿ ರಾಕ್‌ವಿಲ್ಲಿನಲ್ಲಿ ತೆರೆದ ಕಾರ್ವರ್ ಪ್ರೌಢಶಾಲೆಯ ಕಟ್ಟಡವೇ ಮುಂದೆ ಇಡೀ ಜಿಲ್ಲೆಯ ಶಿಕ್ಷಣ ಇಲಾಖೆಯ ಕಚೇರಿಯಾಯಿತು. ವರ್ಣಭೇದದ ಶಾಲೆಗಳು ಸಂವಿಧಾನಕ್ಕೆ ವಿರುದ್ಧವೆಂಬ ತೀರ್ಪು 1954ರಲ್ಲಿ ಬಂದಿತು. ಕಾಯಿದೆ ಹೋಯಿತು, ಮನೆಯ ಬೆಲೆ ಅದರ ಸ್ಥಾನದಲ್ಲಿ ಉಳಿಯಿತು.

ನಕ್ಷತ್ರ ಎಣಿಸುವವರು

ಅಂಕಿಗಳಿಗೇನೂ ಬರವಿಲ್ಲ. 2002ರ ಆರಂಭದಲ್ಲಿ ಜಾರಿಗೆ ಬಂದ ಕೇಂದ್ರ ಕಾನೂನು ಮೂರರಿಂದ ಎಂಟನೆಯ ತರಗತಿಯವರೆಗೆ ಪ್ರತಿ ವರ್ಷವೂ ಪರೀಕ್ಷೆಯನ್ನು ಕಡ್ಡಾಯ ಮಾಡಿತು. 2018ರಿಂದ ಮೇರಿಲ್ಯಾಂಡ್ ತನ್ನ ಶಾಲೆಗಳಿಗೆ ಒಂದರಿಂದ ಐದರವರೆಗೆ ನಕ್ಷತ್ರಗಳನ್ನು ಕೊಡಲಾರಂಭಿಸಿತು. ಮನೆ ಮಾರುವ ಜಾಲತಾಣಗಳಾದರೋ ಮಲಗುವ ಕೋಣೆಗಳೆಷ್ಟು, ಸ್ನಾನಗೃಹಗಳೆಷ್ಟು ಎಂಬ ವಿವರದ ಪಕ್ಕದಲ್ಲಿಯೇ ಶಾಲೆಗೆ ಹತ್ತರಲ್ಲಿ ಎಷ್ಟು ಅಂಕವೆಂಬುದನ್ನೂ ಮುದ್ರಿಸುತ್ತವೆ.

ಈ ಅಂಕಕ್ಕೆ ಬೆಲೆಯುಂಟು. 1999ರಲ್ಲಿ ಅರ್ಥಶಾಸ್ತ್ರಜ್ಞೆ ಸ್ಯಾಂಡ್ರಾ ಬ್ಲ್ಯಾಕ್ ಬಾಸ್ಟನ್ನಿನ ಹೊರವಲಯಗಳಲ್ಲಿ ಶಾಲೆಯ ಗಡಿಗೆರೆಯ ಎರಡೂ ಬದಿಯ ಮನೆಗಳನ್ನು ಹೋಲಿಸಿದರು. ಬೀದಿ ಒಂದೇ, ಗಾಳಿ ಬೆಳಕು ಒಂದೇ. ಪರೀಕ್ಷಾಂಕ ಶೇಕಡಾ 5ರಷ್ಟು ಹೆಚ್ಚಿದ್ದ ಶಾಲೆಯ ಬದಿಗೆ ಜನ ಶೇಕಡಾ 2.5ರಷ್ಟು ಅಧಿಕ ಬೆಲೆ ತೆರಲು ಸಿದ್ಧರಿದ್ದರೆಂದು ಕಂಡುಬಂದಿತು. ಶುಲ್ಕವಿಲ್ಲದ ಶಾಲೆಗೆ ಶುಲ್ಕ ಸಂದಾಯವಾಗುವುದು ಮನೆಯ ಸಾಲದ ಕಂತಿನಲ್ಲಿ.

ಆದರೆ ಆ ಅಂಕ ಹೇಳುವುದೇನು? 1966ರಷ್ಟು ಹಿಂದೆಯೇ ಸಮಾಜಶಾಸ್ತ್ರಜ್ಞ ಜೇಮ್ಸ್ ಕೋಲ್ಮನ್, ಮಕ್ಕಳ ಅಂಕಗಳ ಅಂತರಕ್ಕೆ ಶಾಲೆಯ ಸೌಕರ್ಯಕ್ಕಿಂತ ಮನೆಯ ಹಿನ್ನೆಲೆಯೇ ಹೆಚ್ಚು ಕಾರಣವೆಂದು ಸರಕಾರಕ್ಕೆ ವರದಿ ಮಾಡಿದ್ದರು. ಮೂರನೆಯ ತರಗತಿಯ ಮಗುವಿನ ಅಂಕದಲ್ಲಿ ಅದರ ಎಂಟು ವರ್ಷದ ಮನೆಯೂಟ, ಪುಸ್ತಕ, ತಂದೆತಾಯಿಗಳ ವಿದ್ಯೆ ಎಲ್ಲವೂ ಸೇರಿರುತ್ತವೆ. ಆದ್ದರಿಂದ ಬಲ್ಲವರು ಇನ್ನೊಂದು ಲೆಕ್ಕವನ್ನು ಕೇಳುತ್ತಾರೆ: ಬಂದಾಗ ಎಲ್ಲಿದ್ದ ಮಗು ಹೋಗುವಾಗ ಎಲ್ಲಿಗೆ ಮುಟ್ಟಿತು? ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಷಾನ್ ರಿಯರ್ಡನ್ ದೇಶದ ಎಲ್ಲ ಶಾಲಾಡಳಿತಗಳನ್ನೂ ಹೀಗೆ ಅಳೆದಾಗ, ಬಡತನಕ್ಕೆ ಹೆಸರಾದ ಶಿಕಾಗೋ ನಗರದ ಮಕ್ಕಳು ಐದು ವರ್ಷಗಳಲ್ಲಿ ಸುಮಾರು ಆರು ವರ್ಷದಷ್ಟು ಕಲಿತಿದ್ದರು. ಸರಾಸರಿ ಅಂಕವನ್ನಷ್ಟೇ ನೋಡಿದವನಿಗೆ ಅದು ಕಾಣಿಸುತ್ತಿರಲಿಲ್ಲ.

ಸರಾಸರಿ ಮುಚ್ಚಿಡುವುದು ಇನ್ನೂ ಉಂಟು. ಸಿಲ್ವರ್ ಸ್ಪ್ರಿಂಗಿನ ಮಾಂಟ್‌ಗೊಮರಿ ಬ್ಲೇರ್ ಪ್ರೌಢಶಾಲೆಯಲ್ಲಿ 3,000ಕ್ಕೂ ಹೆಚ್ಚು ವಿದ್ಯಾರ್ಥಿಗಳು. 1985ರಲ್ಲಿ ಅಲ್ಲಿ ಗಣಿತ ವಿಜ್ಞಾನಗಳ ವಿಶೇಷ ತರಗತಿಗಳು ಆರಂಭವಾದವು. ನೆರೆಯ ಬಡಾವಣೆಯಾಚೆಯಿಂದಲೂ ಆಯ್ದ ಮಕ್ಕಳು ಅವಕ್ಕೆ ಬಂದರು. ಒಂದೇ ಮಾಡಿನ ಕೆಳಗೆ ದೇಶಮಟ್ಟದ ವಿಜ್ಞಾನ ಸ್ಪರ್ಧೆಗಳಲ್ಲಿ ಹೆಸರು ಪಡೆದವರೂ ಇದ್ದಾರೆ, ಮೊನ್ನೆ ಬಂದು ಇಂಗ್ಲಿಷ್ ಅಕ್ಷರ ತಿದ್ದುತ್ತಿರುವವರೂ ಇದ್ದಾರೆ. ಇಬ್ಬರನ್ನೂ ಕೂಡಿಸಿ ಭಾಗಿಸಿದಾಗ ಬರುವ ಅಂಕ ಇವರದೂ ಅಲ್ಲ, ಅವರದೂ ಅಲ್ಲ.

ಗೆರೆ ಸರಿದಾಗ

ಇಷ್ಟೆಲ್ಲ ಲೆಕ್ಕ ಹಾಕಿ ಮನೆ ಕೊಂಡವರಿಗೂ ನೆಮ್ಮದಿಯಿಲ್ಲ. ಜಿಲ್ಲೆಯ ಉತ್ತರದ ಕ್ಲಾರ್ಕ್ಸ್‌ಬರ್ಗ್ ಈ ಶತಮಾನದಲ್ಲಿ ಹೊಲದಿಂದ ಊರಾದದ್ದು. ಪ್ರೌಢಶಾಲೆ 2006ರಲ್ಲಿ ತೆರೆಯಿತು. ಭಾರತದಿಂದ ಬಂದ ಅನೇಕ ಸಂಸಾರಗಳು ಅಲ್ಲಿ ನೆಲೆಸಿದವು, ಶಾಲೆ ಕಿಕ್ಕಿರಿಯಿತು. ನೆರೆಯ ಜರ್ಮನ್‌ಟೌನಿನಲ್ಲಿ ಸೆನೆಕಾ ವ್ಯಾಲಿ ಶಾಲೆಗೆ ದೊಡ್ಡದೊಂದು ಹೊಸ ಕಟ್ಟಡ ಎದ್ದಾಗ, 2019ರ ನವೆಂಬರಿನಲ್ಲಿ ಶಿಕ್ಷಣ ಮಂಡಲಿಯು ಗಡಿಗಳನ್ನು ಬದಲಿಸಿ ಕ್ಲಾರ್ಕ್ಸ್‌ಬರ್ಗಿನ ಕೆಲವು ಬಡಾವಣೆಗಳ ಮಕ್ಕಳನ್ನು ಅತ್ತ ಕಳುಹಿಸಿತು. ಸೆನೆಕಾ ವ್ಯಾಲಿಯಲ್ಲಿ ಬಡ ಮಕ್ಕಳ ಪ್ರಮಾಣ ಹೆಚ್ಚು. ಸಭೆಗಳು ತುಂಬಿದವು, ಪ್ರತಿಭಟನೆಗಳಾದವು. ಮಂಡಲಿಗೆ ಅದು ಇಕ್ಕಟ್ಟನ್ನು ನೀಗುವ, ಮಕ್ಕಳನ್ನು ಬೆರೆಸುವ ಉಪಾಯ. ತಂದೆತಾಯಿಗಳಿಗೆ ಮೂವತ್ತು ವರ್ಷದ ಸಾಲದ ಆಧಾರವೇ ಕುಸಿದಂತೆ. 2025ರಲ್ಲಿ ಕ್ರೌನ್ ಮತ್ತು ವುಡ್‌ವರ್ಡ್ ಎಂಬ ಎರಡು ಪ್ರೌಢಶಾಲೆಗಳಿಗಾಗಿ ಮತ್ತೆ ಗಡಿಗಳ ಅಧ್ಯಯನ ನಡೆಯಿತು. ಮನೆಯ ಹಕ್ಕುಪತ್ರದಲ್ಲಿ ಶಾಲೆಯ ಹೆಸರು ಬರೆದಿರುವುದಿಲ್ಲ.

ನೆರೆಹೊರೆಯ ಲೆಕ್ಕ

ಹಾಗಾದರೆ ಶಾಲೆಯನ್ನು ನೋಡಿ ಊರು ಆರಿಸುವುದು ಬರಿಯ ಭ್ರಮೆಯೇ? ಅದೂ ಅಲ್ಲ. ಮಾಂಟ್‌ಗೊಮರಿಯ ಇತಿಹಾಸವೇ ಇದಕ್ಕೊಂದು ಉತ್ತರವನ್ನಿಟ್ಟಿದೆ. ದೊಡ್ಡ ಬಡಾವಣೆ ಕಟ್ಟುವವರು ಒಂದಷ್ಟು ಮನೆಗಳನ್ನು ಕಡಿಮೆ ಆದಾಯದವರ ಕೈಗೆಟುಕುವ ಬೆಲೆಗೆ ಕೊಡಬೇಕೆಂದು 1970ರ ದಶಕದಲ್ಲಿಯೇ ಇಲ್ಲಿ ಕಾನೂನಾಯಿತು. ಅವುಗಳಲ್ಲಿ ಕೆಲವನ್ನು ಜಿಲ್ಲೆಯ ವಸತಿ ಆಯೋಗ ಕೊಂಡು ಬಡವರಿಗೆ ಬಾಡಿಗೆಗೆ ಕೊಟ್ಟಿತು. ಯಾರಿಗೆ ಯಾವ ಮನೆಯೆಂಬುದು ಅದೃಷ್ಟದ ಮಾತು. ಇತ್ತ 2000ದ ಸುಮಾರಿಗೆ ಶಿಕ್ಷಣಾಧಿಕಾರಿ ಜೆರಿ ವೀಸ್ಟ್ ಜಿಲ್ಲೆಯನ್ನು ಕೆಂಪು ವಲಯ, ಹಸಿರು ವಲಯ ಎಂದು ವಿಂಗಡಿಸಿ, ಬಡತನ ಹೆಚ್ಚಿದ್ದ ಕೆಂಪು ವಲಯದ ಶಾಲೆಗಳಿಗೆ ಹೆಚ್ಚು ಹಣ ಸುರಿದು ತರಗತಿಗಳನ್ನು ಚಿಕ್ಕದು ಮಾಡಿದರು.

ಹೆದರ್ ಷ್ವಾರ್ಟ್ಸ್ ಎಂಬ ಸಂಶೋಧಕಿ 2001ರಿಂದ 2007ರವರೆಗೆ ಅಂಥ ಮನೆಗಳ ಸುಮಾರು 850 ಮಕ್ಕಳ ಪ್ರಗತಿಯನ್ನು ಪರಿಶೀಲಿಸಿ 2010ರಲ್ಲಿ ಪ್ರಕಟಿಸಿದರು. ಬಡತನ ಕಡಿಮೆಯಿದ್ದ ಶಾಲೆಗಳಿಗೆ ಹೋದ ಬಡ ಮಕ್ಕಳು, ಹೆಚ್ಚು ಹಣ ಪಡೆದ ಶಾಲೆಗಳಿಗೆ ಹೋದ ತಮ್ಮಂಥವರನ್ನೇ ಮೀರಿದ್ದರು. ಗಣಿತದಲ್ಲಿ ಉಳಿದವರೊಡನಿದ್ದ ಅಂತರದ ಅರ್ಧವನ್ನು ಪ್ರಾಥಮಿಕ ಶಾಲೆ ಮುಗಿಯುವಷ್ಟರಲ್ಲಿ ತುಂಬಿದ್ದರು. ಮಗುವಿನ ಪಕ್ಕದ ಬೆಂಚಿನಲ್ಲಿ ಯಾರು ಕೂರುತ್ತಾರೆಂಬುದೂ ವಿದ್ಯೆಯ ಒಂದು ಭಾಗವೆಂದಾಯಿತು. ಅಂದ ಮೇಲೆ ಅಂಕ ಕಡಿಮೆಯೆಂದು ಒಂದು ಸಂಸಾರ ಪೂರ್ವದ ತೋಳನ್ನು ಬಿಟ್ಟು ಪಶ್ಚಿಮಕ್ಕೆ ಹೊರಟಾಗ, ತನ್ನ ಮಗುವಿಗೆ ತಂದುಕೊಂಡದ್ದಕ್ಕಿಂತ ಹೆಚ್ಚನ್ನು ಬಿಟ್ಟುಹೋದ ಬೆಂಚಿನ ಮಗುವಿನಿಂದ ಕಿತ್ತುಕೊಂಡಿರಬಹುದು. ಅಂಕಪಟ್ಟಿ ಊರನ್ನು ವರ್ಣಿಸುವುದಷ್ಟೇ ಅಲ್ಲ. ಅದನ್ನು ಓದಿ ಹೊರಟವರ ಮೂಲಕ ಊರನ್ನು ಬದಲಿಸುತ್ತದೆ.

ಇದನ್ನು ಕೇಳಿ ಯಾವ ತಾಯಿಯೂ ತನ್ನ ಮಗುವನ್ನು ಪ್ರಯೋಗಕ್ಕೊಡ್ಡುವುದಿಲ್ಲ; ಒಡ್ಡಬೇಕಾಗಿಯೂ ಇಲ್ಲ. ಅಂಕಪಟ್ಟಿಯನ್ನು ಬಿಸಾಡುವುದಕ್ಕಿಂತ ಪೂರ್ತಿಯಾಗಿ ಓದುವುದು ಮೇಲು. ಶಾಲೆ ಶಾಲೆಯ ವಿವರವನ್ನೂ ಜಿಲ್ಲೆಯೇ ಪ್ರಕಟಿಸುತ್ತದೆ: ನಡುವರ್ಷದಲ್ಲಿ ಬಂದು ಹೋಗುವ ಮಕ್ಕಳೆಷ್ಟು, ಇಂಗ್ಲಿಷ್ ಹೊಸದಾಗಿ ಕಲಿಯುವವರೆಷ್ಟು, ತರಗತಿಯಲ್ಲಿ ಎಷ್ಟು ಜನ. ಕನ್ನಡ ಮಾತಾಡುತ್ತ ಬಂದ ಐದು ವರ್ಷದ ಕೂಸಿಗೆ ಐದನೆಯ ನಕ್ಷತ್ರಕ್ಕಿಂತ ಆ ಎರಡನೆಯ ವಿವರ ಹೆಚ್ಚು ಪ್ರಯೋಜನಕಾರಿ. ಹೊಸ ಭಾಷೆಯ ಮಕ್ಕಳನ್ನು ಕಂಡು ಪಳಗಿದ ಉಪಾಧ್ಯಾಯರು ಎಲ್ಲಿದ್ದಾರೆಂಬುದನ್ನು ಅದು ಸೂಚಿಸುತ್ತದೆ.

ಕೊನೆಗೆ ಕಾಗದವನ್ನು ಮಡಿಸಿ ಹೊರಡಬೇಕು. ಪ್ರೌಢಶಾಲೆಗಳು ಮಧ್ಯಾಹ್ನ ಎರಡೂವರೆಗೆ ಬಿಡುತ್ತವೆ. ಆ ಹೊತ್ತಿಗೆ ಬ್ಲೇರ್ ಶಾಲೆಯ ಹೊರಗಿನ ರಸ್ತೆಯಂಚಿನಲ್ಲಿ ನಿಂತರೆ ಹಳದಿ ಬಸ್ಸುಗಳ ಸಾಲಿನತ್ತ ಮಕ್ಕಳು ಹೊರಳುವುದು ಕಾಣುತ್ತದೆ. ಹತ್ತಾರು ನಾಡುಗಳ ಮುಖ, ಹತ್ತಾರು ಭಾಷೆಗಳ ನಗು. ಯಾರು ಯಾರೊಡನೆ ಬರುತ್ತಿದ್ದಾರೆ, ಒಬ್ಬಂಟಿಯಾಗಿ ಉಳಿದವರು ಯಾರು ಎಂಬುದನ್ನು ಯಾವ ಪಟ್ಟಿಯೂ ಬರೆದಿಲ್ಲ. ಮನೆ ಮಾಡಲು ಬಂದ ಸಂಸಾರ ಕಾಲುಗಂಟೆ ಅಲ್ಲಿ ನಿಂತು ನೋಡಿದರೆ, ತನ್ನ ಮಗು ಆ ಗುಂಪಿನಲ್ಲಿ ನಡೆದು ಬರುವುದನ್ನು ಊಹಿಸಿಕೊಳ್ಳಬಹುದೇ ಇಲ್ಲವೇ ಎಂಬುದು ತಾನಾಗಿ ತಿಳಿಯುತ್ತದೆ.